ಬಿಳಿ ಕಲ್ಲಿನ ಮೃಗಶಾಲೆ

ಬಹಳ ಬಹಳ ಹಿಂದೆ, ಬೆಟ್ಟಗಳಿಗಿನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಹೊಂಗೆನಾಡು ಎಂಬ ರಾಜ್ಯವಿತ್ತು. ಅದರ ಅರಸ ಮಲ್ಲರಾಜ ಒಳ್ಳೆಯವನೇ, ಆದರೆ ಪುಕ್ಕಲ. ಅವನಿಗೊಬ್ಬಳೇ ಮಗಳು, ಹೊನ್ನಾಜಿ. ಅಪ್ಪನಿಗಿಲ್ಲದ ಧೈರ್ಯವೆಲ್ಲ ಇವಳಿಗೇ ಬಂದಿತ್ತು.

ಏಳು ಕಡಲುಗಳಾಚೆ ಧೂಮಾಂಕನೆಂಬ ಮಾಂತ್ರಿಕನಿದ್ದ. ಅವನ ಮೃಗಶಾಲೆಯಲ್ಲಿ ಲೋಕದ ಪ್ರಾಣಿಗಳೆಲ್ಲ ಇದ್ದವು. ಪಂಜರಗಳಿಗೆ ಬಾಗಿಲೇ ಇರಲಿಲ್ಲ. ನೆಲಕ್ಕೆ ಹಾಲಿನಂಥ ಬಿಳಿ ಕಲ್ಲು ಹಾಸಿದ್ದ. ಅದರ ಮೇಲೆ ಕಾಲೂರಿದವರು ತಮ್ಮ ಊರನ್ನು ಚೂರುಚೂರಾಗಿ ಮರೆಯುತ್ತಿದ್ದರು. ಮರೆತವರಿಗೆ ಬೀಗವೇಕೆ? ಹುಲಿ ಆಕಳಿಸುತ್ತ ಬಿದ್ದಿರುತ್ತಿತ್ತು. ಹಿಮದ ಕರಡಿಗೆ ಹಿಮವೆಂದರೇನೆಂದು ತಿಳಿಯುತ್ತಿರಲಿಲ್ಲ.

ಒಂದು ಪಂಜರ ಮಾತ್ರ ಖಾಲಿ. ಅದು ಚಿಪ್ಪುಹಂದಿಯದು. ಧೂಮಾಂಕನಿಗೆ ಹೆದರಿದ ಅರಸರು ಎಷ್ಟೋ ಚಿಪ್ಪುಹಂದಿಗಳನ್ನು ಕಳಿಸಿದ್ದರು. ಬಂದವೆಲ್ಲ ಚೆಂಡಿನಂತೆ ಸುತ್ತಿಕೊಂಡು, ಕಾಲುಗಳನ್ನು ಒಳಗೆ ಮಡಚಿಕೊಂಡು ಬಿದ್ದವು. ಕಾಲು ಕಲ್ಲಿಗೆ ತಾಗಲಿಲ್ಲ, ಹಾಗಾಗಿ ಕಾಡು ಮರೆಯಲಿಲ್ಲ. ಕಾಡು ಮರೆಯಲಿಲ್ಲ, ಹಾಗಾಗಿ ಉಣ್ಣಲಿಲ್ಲ. ಉಣ್ಣದೆ ಸತ್ತವು, ಪಾಪ. ಆ ಪಂಜರವೊಂದು ತುಂಬಿದರೆ ಲೋಕದ ಕಾಡುಗಳೆಲ್ಲ ಧೂಮಾಂಕನ ವಶವಾಗುತ್ತಿದ್ದವು.

ಒಂದು ಸಂಜೆ ಅವನ ಹದ್ದು ಮಲ್ಲರಾಜನ ಕಿಟಕಿಯಲ್ಲಿ ಬಂದು ಕೂತಿತು. "ಚಿಪ್ಪುಹಂದಿ ಕಳಿಸು. ಇಲ್ಲದಿದ್ದರೆ ನಿನ್ನ ನಾಡಿಗೆಲ್ಲ ಬಿಳಿ ಕಲ್ಲು ಹಾಸಿಸುತ್ತಾನಂತೆ ನನ್ನ ಒಡೆಯ."

ಹೊಂಗೆನಾಡಿನ ಕಾಡಿನಲ್ಲಿ ಬೆರಳೆಣಿಕೆಯಷ್ಟು ಚಿಪ್ಪುಹಂದಿಗಳು ಉಳಿದಿದ್ದವು. ಅರಸ ನಡುಗುತ್ತ ಒಂದನ್ನು ಹಿಡಿಸಿ ಬುಟ್ಟಿಗೆ ಹಾಕಿಸಿದ.

"ನಾನೂ ಇದರ ಜೊತೆ ಹೋಗ್ತೀನಿ ಅಪ್ಪಾಜಿ," ಎಂದಳು ಹೊನ್ನಾಜಿ.

"ಹುಚ್ಚು ಹಿಡೀತಾ ನಿನಗೆ? ಅಲ್ಲಿಗೆ ಹೋದವರು ಯಾರಾದರೂ ತಿರುಗಿ ಬಂದಿದ್ದಾರಾ?"

"ಅದು ಗೊತ್ತಿದ್ದೂ ಇದನ್ನ ಒಂಟಿಯಾಗಿ ಕಳಿಸ್ತಿದ್ದೀರಲ್ಲ! ನಾನು ಇದನ್ನ ಜೀವಂತ ವಾಪಸ್ ತರ್ತೀನಿ."

ಹೊನ್ನಾಜಿ ಬುಟ್ಟಿಯನ್ನು ಎದೆಗವಚಿಕೊಂಡು ಹದ್ದಿನ ಬೆನ್ನೇರಿ, ಏಳು ಕಡಲು ದಾಟಿ, ಬಿಳಿ ಕಲ್ಲಿನ ಮೇಲೆ ಇಳಿದಳು.

"ಇದು ಮೈಬಿಚ್ಚಿ ಉಂಡರೆ ಸಾಕು, ನನ್ನ ಮೃಗಶಾಲೆ ತುಂಬಿತು," ಎಂದ ಧೂಮಾಂಕ.

"ಬೇಕಾದ್ದು ತರಿಸಿಕೊಡಿ, ಉಣ್ಣಿಸ್ತೀನಿ," ಎಂದಳು ಅವಳು. ಅದು ಬದುಕಿದರೆ ತಾನೇ ಕರೆದೊಯ್ಯುವ ಮಾತು?

ಮೊದಲನೆಯ ದಿನ ಚಿನ್ನದ ಬಟ್ಟಲಲ್ಲಿ ಗಸಗಸೆ ಪಾಯಸ ಬಂತು. ಚಿಪ್ಪುಹಂದಿ ಮೈಬಿಚ್ಚಲಿಲ್ಲ.

"ಇನ್ನೇನು ಬೇಕಂತೆ ಇದಕ್ಕೆ?"

"ಗೆದ್ದಲು ಬೇಕಂತೆ."

ಆ ಸಂಜೆ ಹೊನ್ನಾಜಿಗೆ ಊರಿನ ದಾರಿ ಮರೆತುಹೋಯಿತು.

ಎರಡನೆಯ ದಿನ ಧೂಮಾಂಕ ಅಕ್ಕಿಕಾಳು ಮಂತ್ರಿಸಿದ. ಕಾಳುಗಳೆಲ್ಲ ಗೆದ್ದಲಾಗಿ ಹರಿದಾಡಿದವು. ಚಿಪ್ಪುಹಂದಿ ಸುತ್ತಿಕೊಂಡೇ ಒಮ್ಮೆ ಮೂಸಿತು. ಅಷ್ಟಕ್ಕೇ ಅವು ನಾಚಿ ಮತ್ತೆ ಅಕ್ಕಿಯಾದವು.

"ಇನ್ನೇನು ಬೇಕಂತೆ ಇದಕ್ಕೆ?"

"ನಿಜವಾದ ಗೆದ್ದಲು ಬೇಕಂತೆ. ಹೊಂಗೆನಾಡಿನ ಕಾಡಿನದು, ಹುತ್ತದ ಸಮೇತ, ಮಣ್ಣಿನ ಸಮೇತ."

ಆ ಸಂಜೆ ಅವಳಿಗೆ ಅಪ್ಪನ ಮುಖ ಮರೆತುಹೋಯಿತು.

ಧೂಮಾಂಕ ಹಿಂದೆಮುಂದೆ ನೋಡಿದ. ಅವನ ಮೃಗಶಾಲೆಗೆ ಹಿಡಿ ಮಣ್ಣೂ ಬಂದಿರಲಿಲ್ಲ. ಆದರೆ ಖಾಲಿ ಪಂಜರ ಕಣ್ಣಿಗೆ ಚುಚ್ಚುತ್ತಿತ್ತು. ಆಸೆ ತಡೆಯಲಾರದೆ ಹದ್ದನ್ನು ಅಟ್ಟಿದ.

ಮೂರನೆಯ ದಿನ ಹುತ್ತ ಬರುವ ಹೊತ್ತಿಗೆ ಹೊನ್ನಾಜಿಗೆ ತನ್ನ ಹೆಸರೂ ನೆನಪಿರಲಿಲ್ಲ. ತೊಡೆಯ ಮೇಲಿನ ಬುಟ್ಟಿ ಯಾರದು, ಒಳಗಿರುವುದೇನು, ಒಂದೂ ತಿಳಿಯದು. ಕೈಗಳು ಮಾತ್ರ ಅದನ್ನು ಬಿಟ್ಟಿರಲಿಲ್ಲ. ಕೆಂಪು ಹುತ್ತವನ್ನು ಮುಂದಿಟ್ಟಾಗ ಬೆರಳು ಮಣ್ಣಿಗೆ ತಾಗಿತು.

"ಅಯ್ಯೋ, ನಾನು ಹೊನ್ನಾಜಿ!" ಎಂದು ಗಳಗಳ ಅತ್ತಳು.

ಬುಟ್ಟಿಯೊಳಗೆ ಚಿಪ್ಪುಗಳು ಸರಸರ ಸದ್ದು ಮಾಡಿದವು. ಚಿಪ್ಪುಹಂದಿ ಮೆಲ್ಲಗೆ ಮೈಬಿಚ್ಚಿ, ಊರ ಮಣ್ಣಿನ ಮೇಲೆ ನಾಲ್ಕು ಕಾಲೂರಿ, ಹುತ್ತ ಕೆರೆದು ಉದ್ದನೆಯ ನಾಲಗೆ ಚಾಚಿತು. ಹೊಟ್ಟೆ ತುಂಬ ಉಂಡಿತು.

"ತುಂಬಿತು! ನನ್ನ ಮೃಗಶಾಲೆ ತುಂಬಿತು!" ಎಂದು ಕುಣಿದ ಧೂಮಾಂಕ. ಅದರ ಕಾಲು ಕಲ್ಲಿಗೆ ತಾಗಿಲ್ಲವೆಂಬುದು ಆ ಕುಣಿತದಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ತಿಂದು ಉಳಿದ ಗೆದ್ದಲುಗಳು ಸುಮ್ಮನೆ ಕೂರುತ್ತವೆಯೇ? ಅವಕ್ಕೆ ಮಾಂತ್ರಿಕನ ಗೋಡೆಯೂ ಒಂದೇ, ಬಡವನ ಗೋಡೆಯೂ ಒಂದೇ. ಮಣ್ಣಿನ ಗೆರೆ ಎಳೆಯುತ್ತ ಗೋಡೆ ಹತ್ತಿದವು, ಕಂಬ ಹತ್ತಿದವು, ಒಂದೊಂದೇ ಪಂಜರಕ್ಕೆ ಇಳಿದವು. ಬೆಳಕು ಹರಿಯುವಷ್ಟರಲ್ಲಿ ಎಲ್ಲ ಪ್ರಾಣಿಗಳ ಕಾಲ ಬುಡದಲ್ಲೂ ಮಣ್ಣಿತ್ತು. ಹುಲಿ ಎದ್ದು ನಿಂತಿತು. ಹಿಮದ ಕರಡಿ ಬಡಗಣ ದಿಕ್ಕಿಗೆ ಮೂಗೆತ್ತಿತು. ಒಂದನ್ನೊಂದು ಹೆದರಿಸದೆ, ಕನಸಿನಲ್ಲಿ ನಡೆದಂತೆ, ಎಲ್ಲವೂ ಮಂಜಿನೊಳಗೆ ಹೊರಟುಹೋದವು.

ಧೂಮಾಂಕ ಬರಿಗಾಲಲ್ಲಿ ಓಡಿ ಬಂದ. ಕಾಲು ಮಣ್ಣಿನ ಮೇಲೆ ಬಿತ್ತು. ನಿಂತಲ್ಲೇ ನಿಂತ. ತನ್ನ ಕಲ್ಲಿನ ಮೇಲೆ ಎಲ್ಲರಿಗಿಂತ ಹೆಚ್ಚು ಕಾಲ ನಡೆದವನು ಅವನೇ ತಾನೆ? ನೆನಪಾದದ್ದು ಒಂದು ಹೊಳೆದಂಡೆ, ಒಂದು ಗುಡಿಸಲು.

"ನಮ್ಮವ್ವ ಉಣ್ಣದೆ ಕಾಯ್ತಿರ್ತಾಳೆ," ಎಂದು ಸಣ್ಣ ದನಿಯಲ್ಲಿ ಹೇಳಿ, ಬೆತ್ತ ಬಿಸಾಡಿ ನಡೆದುಬಿಟ್ಟ. ಅವನಿಗೆ ಶಾಪ ಹಾಕಬೇಕೆಂದಿದ್ದ ಹೊನ್ನಾಜಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬಿಳಿ ಕಲ್ಲೆಲ್ಲ ಇಬ್ಬನಿಯಾಗಿ ಆರಿಹೋಯಿತು.

ಹದ್ದಿಗೂ ತನ್ನ ಬೆಟ್ಟ ನೆನಪಾಗಿತ್ತು. ಹೋಗುವ ದಾರಿಯಲ್ಲಿ ಇಬ್ಬರನ್ನೂ ಹೊಂಗೆನಾಡಿಗೆ ಇಳಿಸಿತು. ಚಿಪ್ಪುಹಂದಿ ಹಿಂದಿರುಗಿಯೂ ನೋಡದೆ ಪೊದೆಯೊಳಗೆ ಹೋಯಿತು. ಹೊನ್ನಾಜಿ ಅಪ್ಪನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

ಆಮೇಲೆ ದೇಶದೇಶದ ಅರಸರು ಓಲೆ ಬರೆದರು: ಒಂದೇ ಒಂದು ಚಿಪ್ಪುಹಂದಿ ಕಳಿಸಿಕೊಡಿ, ನಮ್ಮ ಮಕ್ಕಳು ನೋಡಲಿ. ಈ ಸಲ ಮಲ್ಲರಾಜ ನಡುಗಲಿಲ್ಲ. "ಮಕ್ಕಳನ್ನೇ ಕಳಿಸಿ," ಎಂದು ಹೇಳಿಕಳಿಸಿದ. ಮಕ್ಕಳು ಬಂದರು, ಕಾಡಂಚಿನಲ್ಲಿ ಉಸಿರು ಬಿಗಿಹಿಡಿದು ಕೂತರು. ಏನೂ ಕಾಣಲಿಲ್ಲ. ತರಗೆಲೆಯ ಮೇಲೆ ಯಾರೋ ನಡೆದ ಸದ್ದು ಮಾತ್ರ ಕೇಳಿತು.

"ಅದೇನಾ?" ಎಂದು ಪಿಸುಗುಟ್ಟಿತು ಒಂದು ಮಗು.

"ಅದೇ," ಎಂದಳು ಹೊನ್ನಾಜಿ.

ಅಷ್ಟಕ್ಕೇ ಎಲ್ಲರಿಗೂ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು. ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿ ಸುಖವಾಗಿದ್ದೇವೆ.