ಅಮ್ಮನ ಅಳತೆಯ ಕಟ್ಟೆ

“ಅಲ್ಲಾಡ್ಬೇಡಿ ಸಾರ್, ಗೆರೆ ಸೊಟ್ಟ ಆಗುತ್ತೆ!” ಎಂದರು ಮೇಸ್ತ್ರಿ.

ಅಪ್ಪ ಉಸಿರು ಬಿಗಿಹಿಡಿದು ಗೋಡೆಗೆ ಬೆನ್ನು ಅಂಟಿಸಿ ನಿಂತ. ಮೇಸ್ತ್ರಿ ಅವನ ಭುಜದ ಪಕ್ಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದರು. ಹೊಸ ಮನೆಯ ಸ್ವಿಚ್ಚುಗಳ ಎತ್ತರ ತೀರ್ಮಾನವಾಯಿತು.

ಮೇಸ್ತ್ರಿಯ ಹತ್ತಿರ ಅಳತೆಯ ಟೇಪು ಇರಲಿಲ್ಲ ಅಂದುಕೊಳ್ಳಬೇಡಿ. ಜೇಬಿನಲ್ಲೇ ಇತ್ತು, ಅದೂ ಹೊಸದು. ಆದರೆ ಆರಡಿ ದಾಟಿದ ಅಪ್ಪ ಖುದ್ದಾಗಿ ನಿಂತಿರುವಾಗ ಟೇಪಿನ ಹಂಗು ಯಾರಿಗೆ ಬೇಕು? ಕನ್ನಡಿ ಅಪ್ಪನ ಮೂಗಿನ ನೇರಕ್ಕೆ. ಶೆಲ್ಫು ಅಪ್ಪನ ಕೈ ಎಟುಕುವಲ್ಲಿ. ಬಾಗಿಲ ಚಿಲಕ ಅಪ್ಪನ ಹಣೆಯ ಮಟ್ಟಕ್ಕೆ. ಟೈಲರು ಅಂಗಿ ಹೊಲಿಯುವ ಹಾಗೆ ಇಡೀ ಮನೆಯನ್ನು ಅಪ್ಪನ ಅಳತೆಗೆ ಹೊಲಿಯಲಾಗುತ್ತಿತ್ತು.

“ಅಪ್ಪಾ, ಈ ಸ್ವಿಚ್ಚು ನಂಗೆ ಎಟುಕಲ್ಲ,” ಎಂದಳು ವಟವಟಿ.

ವಟವಟಿ ಎಂದರೆ ಅಪ್ಪನ ಮಗಳು, ಐದನೇ ಕ್ಲಾಸು. ಆ ಹೆಸರು ಇಟ್ಟವರು ದೊಡ್ಡಪ್ಪ. ಬಾಯಿ ಮುಚ್ಚಿದರೆ ಹಲ್ಲು ನೋಯುತ್ತದೇನೋ ಅನ್ನುವ ಹಾಗೆ ಅವಳು ಮಾತಾಡುತ್ತಲೇ ಇರುತ್ತಾಳೆ.

“ಬೆಳೀತೀಯಲ್ಲ, ಆಗ ಎಟುಕುತ್ತೆ,” ಎಂದ ಅಪ್ಪ.

“ಅಲ್ಲೀ ತನಕ ಕತ್ತಲಲ್ಲಿ ಕೂತಿರ್ಲಾ?”

“ಚಪ್ಪಾಳೆ ಹೊಡಿ! ಚಪ್ಪಾಳೆ ಹೊಡೆದ್ರೆ ತಾನಾಗೇ ಹತ್ತೋ ಲೈಟು ಹಾಕಿಸ್ತಿದೀನಿ!”

ಅಪ್ಪ ಲೈಟು, ನಲ್ಲಿ, ಕಾಲಿಂಗ್ ಬೆಲ್ ಮಾರುವ ಅಂಗಡಿಯ ಮ್ಯಾನೇಜರು. ಅಂಗಡಿಗೆ ಹೊಸದು ಏನೇ ಬರಲಿ, ಅದು ಹೊಸ ಮನೆಗೂ ಬೇಕೇ ಬೇಕು. ಕೈ ಒಡ್ಡಿದರೆ ತಾನೇ ಸುರಿಯುವ ನಲ್ಲಿ. ಮಳೆ ಬಂದರೆ ತಾನೇ ಮುಚ್ಚಿಕೊಳ್ಳುವ ಕಿಟಕಿ. ಯಾರು ಬಂದು ನಿಂತರೂ “ಸುಸ್ವಾಗತ” ಅನ್ನುವ ಬಾಗಿಲು. “ಕಳ್ಳ ಬಂದ್ರೂ ಸುಸ್ವಾಗತ ಅನ್ನುತ್ತಾ?” ಎಂದು ವಟವಟಿ ಕೇಳಿದ್ದಳು. ಅಪ್ಪ ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಇನ್ನು ದೊಡ್ಡಪ್ಪ. ಅವರೂ ಅಪ್ಪನಷ್ಟೇ ಉದ್ದ, ಅವರ ಸಲಹೆಗಳು ಅವರಿಗಿಂತ ಉದ್ದ. “ಲೋ, ಮನೆ ಅನ್ನೋದು ಒಂದ್ಸಲ ಕಟ್ಟೋದು. ಬಾತ್‌ರೂಮಿಗೆ ಒಂದು ಸ್ಪೀಕರ್ ಹಾಕಿಸಿಬಿಡು!” ಎಂದು ಅವರು ಈಗ ಕಿಟಕಿಯ ಹತ್ತಿರದಿಂದ ಕೂಗಿದರು. ಅವರ ಸ್ವಂತ ಮನೆಯಲ್ಲಿ ಬಾತ್‌ರೂಮಿನ ಚಿಲಕ ಮುರಿದು, ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಳ್ಳುತ್ತಾರೆ. ಅದು ಬೇರೆ ವಿಷಯ ಬಿಡಿ.

ವಟವಟಿಗೂ ಒಂದು ಆಸೆ ಇತ್ತು. ತನ್ನ ರೂಮಿನ ಕಿಟಕಿಗೆ ಒಳಗಡೆಯಿಂದ ಒಂದು ಕಟ್ಟೆ ಬೇಕು. ಅದರ ಮೇಲೆ ಕಾಲು ಚಾಚಿ ಕೂತು, ಕಾಮಿಕ್ಸ್ ಓದುತ್ತಾ, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಬೇಕು. ಅಪ್ಪ ಒಪ್ಪಿಯೂ ಇದ್ದ.

“ನೋಡು, ಇನ್ನೊಂದು ತಕರಾರು ತೆಗೆದ್ಯೋ, ನಿನ್ನ ಕಿಟಕಿ ಕಟ್ಟೆ ಕ್ಯಾನ್ಸಲ್,” ಎಂದ ಅಪ್ಪ. “ಬಂದಾಗಿಂದ ಮೇಸ್ತ್ರಿ ತಲೆ ತಿಂತಿದೀಯ.”

“ತಲೇಲಿ ಇನ್ನೇನೂ ಉಳಿದಿಲ್ಲ ಸಾರ್,” ಎಂದರು ಮೇಸ್ತ್ರಿ.

ವಟವಟಿ ಬಾಯಿಗೆ ಬೀಗ ಹಾಕಿಕೊಂಡಳು.

ಎಲ್ಲರೂ ಅಡುಗೆಮನೆಗೆ ಬಂದರು. ಒಲೆ ಇಡುವ ಕಟ್ಟೆಗೆ ಇಟ್ಟಿಗೆಯ ಸಾಲುಗಳು ಎದ್ದು ನಿಂತಿದ್ದವು. ಮೇಲೆ ಹಾಸುವ ಕರಿಕಲ್ಲು ಗೋಡೆಗೆ ಒರಗಿತ್ತು. ಅಪ್ಪ ಇಟ್ಟಿಗೆಯ ಮೇಲೆ ಕೈಯೂರಿ ನೆಟ್ಟಗೆ ನಿಂತ.

“ಆಹಾ! ಬಗ್ಗೋದೇ ಬೇಡ! ಇಲ್ಲಿ ಎಷ್ಟು ಹೊತ್ತು ಅಡುಗೆ ಮಾಡಿದ್ರೂ ಸೊಂಟ ನೋಯಲ್ಲ!”

ಅಪ್ಪ ಅಡುಗೆ ಮಾಡಿದ್ದನ್ನು ವಟವಟಿ ನೋಡಿರಲಿಲ್ಲ. ಅವನು ಅಡುಗೆಮನೆಗೆ ಬರುತ್ತಿದ್ದದ್ದು ಚಹಾ ಆಯಿತಾ ಎಂದು ಕೇಳಲು. ಅಷ್ಟಕ್ಕೆ ಯಾರ ಸೊಂಟವೂ ನೋಯುವುದಿಲ್ಲ.

ಅವಳು ಕಟ್ಟೆಯ ಪಕ್ಕ ನಿಂತು ನೋಡಿದಳು. ಇಟ್ಟಿಗೆ ಅವಳ ಎದೆ ದಾಟಿ ಗಲ್ಲದ ಹತ್ತಿರಕ್ಕೆ ಬರುತ್ತಿತ್ತು. ಅಮ್ಮನ ನೆನಪಾಯಿತು. ಹೇಳಬೇಕೆಂದು ಬಾಯಿ ತೆರೆದಳು. ಕಿಟಕಿ ಕಟ್ಟೆಯ ನೆನಪಾಯಿತು. ಬಾಯಿ ಮುಚ್ಚಿದಳು.

“ನಾಳೆ ಕಲ್ಲು ಕೂರಿಸ್ತೀವಿ ಸಾರ್,” ಎಂದರು ಮೇಸ್ತ್ರಿ. “ಒಂದ್ಸಲ ಕೂತ್ರೆ ಆಯ್ತು, ಆಮೇಲೆ ಎತ್ತೋಕೆ ಹೋದ್ರೆ ಒಡೆದೇ ಹೋಗುತ್ತೆ.”

ಸಂಜೆ ಅಮ್ಮ ಡ್ಯೂಟಿ ಮುಗಿಸಿ ಮನೆಗೆ ಬಂದಳು. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಅಪ್ಪ ಸೈಟಿಗೆ ಹೋಗುವ ಭಾನುವಾರಗಳಲ್ಲೇ ಅವಳಿಗೆ ಡ್ಯೂಟಿ ಬೀಳುತ್ತಿತ್ತು. ಹಾಗಾಗಿ ಗೋಡೆ ಎದ್ದ ಮೇಲೆ ಅವಳು ಹೊಸ ಮನೆಯನ್ನು ನೋಡಿಯೇ ಇರಲಿಲ್ಲ. ಎಲ್ಲ ಮುಗಿದ ಮೇಲೆ ಸರ್‌ಪ್ರೈಸ್ ಎಂದು ಅಪ್ಪ ಹೇಳಿಕೊಂಡು ತಿರುಗುತ್ತಿದ್ದ.

ಈ ಬಾಡಿಗೆ ಮನೆಯ ಅಡುಗೆಕಟ್ಟೆಯೂ ಎತ್ತರವೇ. ಅದನ್ನು ಕಟ್ಟಿಸಿದವರೂ ಯಾರೋ ಅಡುಗೆ ಮಾಡದ ಉದ್ದ ಮನುಷ್ಯರೇ ಇರಬೇಕು. ಅಮ್ಮ ಮೂಲೆಯಲ್ಲಿದ್ದ ಮರದ ಕಾಲ್ಮಣೆಯನ್ನು ಎಳೆದುಕೊಂಡು ಅದರ ಮೇಲೆ ಹತ್ತಿ ನಿಂತಳು. ಒಲೆಯಿಂದ ಸಿಂಕಿಗೆ ಹೋಗಬೇಕಾದಾಗ ಇಳಿದು, ಕಾಲಿನಿಂದ ಕಾಲ್ಮಣೆಯನ್ನು ಸರ್ರನೆ ತಳ್ಳಿ, ಮತ್ತೆ ಹತ್ತಿದಳು. ಮತ್ತೆ ಒಲೆಯ ಹತ್ತಿರ ಸರ್ರ್. ಮತ್ತೆ ಸಿಂಕಿನ ಹತ್ತಿರ ಸರ್ರ್. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಎಲ್ಲರ ಮನೆಯ ಅಡುಗೆಮನೆಯೂ ಹೀಗೇ ಸದ್ದು ಮಾಡುತ್ತದೆ ಎಂದೇ ವಟವಟಿ ತಿಳಿದಿದ್ದಳು.

“ಅಮ್ಮಾ, ಈ ಕಾಲ್ಮಣೇನ ಹೊಸ ಮನೆಗೂ ತಗೊಂಡು ಹೋಗ್ತೀವಾ?”

“ತಗೊಂಡು ಹೋಗ್ದೆ? ಅದಿಲ್ಲದಿದ್ರೆ ನಿಮಗೆಲ್ಲ ಉಪವಾಸ!” ಅಮ್ಮ ನಕ್ಕಳು.

“ಮತ್ತೆ ಬಿದ್ರೆ?”

“ಹೋದ ವರ್ಷ ಬಿದ್ದಾಯ್ತಲ್ಲ. ಈಗ ಅಭ್ಯಾಸ ಆಗಿದೆ ಬಿಡು.”

ಹೋದ ವರ್ಷ ಕಾಲ್ಮಣೆ ಜಾರಿ, ಕುದಿಯುವ ನೀರು ಅಮ್ಮನ ಪಾದದ ಮೇಲೆ ಬಿದ್ದಿತ್ತು. ಕಲೆ ಇನ್ನೂ ಹೋಗಿಲ್ಲ. ಅಮ್ಮ ಕೆಳಗೆ ಇಳಿದಾಗ ವಟವಟಿ ಆ ಕಲೆಯನ್ನು ನೋಡಿದಳು. ಇಳಿದ ಅಮ್ಮ ಎಷ್ಟೊಂದು ಗಿಡ್ಡ! ಕಿಟಕಿ ಕಟ್ಟೆಗೋಸ್ಕರ ತಾನು ಬಾಯಿ ಮುಚ್ಚಿಕೊಂಡು ಬಂದಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

“ಅಮ್ಮಾ, ನಾಳೆ ನಿಂಗೆ ಮಧ್ಯಾಹ್ನದ ಡ್ಯೂಟಿ ಅಲ್ವಾ? ಬೆಳಿಗ್ಗೆ ಸ್ಕೂಲಿಗೆ ಹೋಗ್ತಾ ಸೈಟಿಗೆ ಹೋಗಿಬರೋಣ. ಪ್ಲೀಸ್, ಪ್ಲೀಸ್, ಪ್ಲೀಸ್!”

ವಟವಟಿ ಪ್ಲೀಸ್ ಶುರು ಮಾಡಿದರೆ ಒಪ್ಪುವವರೆಗೂ ನಿಲ್ಲಿಸುವುದಿಲ್ಲ. ಅಮ್ಮ ಬೇಗನೆ ಒಪ್ಪಿಬಿಟ್ಟಳು.

ಬೆಳಿಗ್ಗೆ, ಕಲ್ಲು ಕೂರಿಸುವುದನ್ನು ನೋಡಲು ದೊಡ್ಡಪ್ಪನ ಜೊತೆ ಮೊದಲೇ ಸೈಟಿಗೆ ಬಂದಿದ್ದ ಅಪ್ಪನಿಗೆ ಸರ್‌ಪ್ರೈಸ್ ಹಾಳಾಯಿತೆಂದು ಸ್ವಲ್ಪ ಬೇಜಾರು. ಆದರೆ ತೋರಿಸಲು ಶುರು ಮಾಡಿದ ಮೇಲೆ ಅದೂ ಮರೆತುಹೋಯಿತು. ಬರಿಯ ಗೋಡೆಯ ಮುಂದೆ ಚಪ್ಪಾಳೆ ಹೊಡೆದು, “ಈಗ ಲೈಟ್ ಹತ್ತಿತು ಅಂದ್ಕೋ!” ಎಂದ. ಬರಿಯ ಪೈಪಿನ ಮುಂದೆ ಕೈ ಒಡ್ಡಿ, “ಈಗ ನೀರು ಬಂತು ಅಂದ್ಕೋ!” ಎಂದ. ಅಮ್ಮ ಪಾಪ, ಎಲ್ಲವನ್ನೂ ಅಂದುಕೊಂಡಳು.

“ಬಾತ್‌ರೂಮಿಗೆ ಸ್ಪೀಕರ್ ಹಾಕ್ಸೋಕೆ ಹೇಳಮ್ಮ,” ಎಂದು ದೊಡ್ಡಪ್ಪ ಅಮ್ಮನಿಗೂ ಒಂದು ಸಲಹೆ ಕೊಟ್ಟರು.

“ನೋಡೋಣ ಭಾವ,” ಎಂದಳು ಅಮ್ಮ.

ಅಡುಗೆಮನೆಯಲ್ಲಿ ಸಿಮೆಂಟು ಕಲಸಿಟ್ಟಾಗಿತ್ತು. ಕೆಲಸದವರು ಕಲ್ಲು ಎತ್ತಲು ಹೊರಟಿದ್ದರು. ಆಗ ವಟವಟಿ ಓಡಿಬಂದು ಸ್ಕೂಲ್ ಬ್ಯಾಗಿನ ಜಿಪ್ಪು ಎಳೆದಳು. ಬ್ಯಾಗು ಯಾಕೆ ಉಬ್ಬಿದೆ ಎಂದು ಅಮ್ಮ ಕೇಳಿದಾಗ ಕ್ರಾಫ್ಟ್ ಪೀರಿಯಡ್ ಎಂದಿದ್ದಳು. ಈಗ ಅದರೊಳಗಿಂದ ಕಾಲ್ಮಣೆ ಹೊರಗೆ ಬಂತು. ಅದನ್ನು ಕಟ್ಟೆಯ ಮುಂದೆ ಇಟ್ಟಳು.

“ಏನೇ ಇದು? ಹೊಸ ಮನೇಲಿ ಈ ಹಳೇ ಕಾಲ್ಮಣೆ ಯಾಕೆ?” ಎಂದ ಅಪ್ಪ.

“ಬೇಕೇ ಬೇಕಪ್ಪ. ನಿನ್ನ ಬಾಗಿಲು ತಾನೇ ಮಾತಾಡುತ್ತೆ, ನಲ್ಲಿ ತಾನೇ ಸುರಿಯುತ್ತೆ. ಆದ್ರೆ ಅಮ್ಮನ್ನ ತಾನೇ ಉದ್ದ ಮಾಡೋ ಮಷಿನ್ ನಿನ್ನ ಅಂಗಡಿಗೆ ಇನ್ನೂ ಬಂದಿಲ್ವಲ್ಲ!”

“ಲೇ, ನಾನು ನಿನ್ನೆ ಏನು ಹೇಳಿದ್ದೆ?”

“ಗೊತ್ತು. ಕಿಟಕಿ ಕಟ್ಟೆ ಕ್ಯಾನ್ಸಲ್ ಮಾಡು.” ಅವಳು ಕಾಲ್ಮಣೆಯನ್ನು ಕಟ್ಟೆಗೆ ಇನ್ನಷ್ಟು ಒತ್ತಿ ಇಟ್ಟಳು. “ನಂಗೇನೂ ಬೇಡ, ಹೋಗು!”

ಅಡುಗೆಕಟ್ಟೆ ಕಂಡರೆ ಕಾಲ್ಮಣೆ ಹತ್ತುವುದು ಅಮ್ಮನಿಗೆ ರೂಢಿ. ಸುಮ್ಮನೆ ಹತ್ತಿಬಿಟ್ಟಳು. ಜಲ್ಲಿಯ ನೆಲದ ಮೇಲೆ ಕಾಲ್ಮಣೆ ಗಡಗಡ ಅಲ್ಲಾಡಿತು.

“ಏಯ್, ಹುಷಾರು!” ಅಪ್ಪ ಹಾರಿಬಂದು ಅವಳ ತೋಳು ಹಿಡಿದುಕೊಂಡ. ಆಮೇಲೆ ಅವನ ಕಣ್ಣು ಅವಳ ಪಾದದ ಕಲೆಯ ಮೇಲೆ ಹೋಯಿತು. ಅಲ್ಲಿಂದ ಇಟ್ಟಿಗೆಯ ಮೇಲಿನ ಸಾಲಿಗೆ. ಅಲ್ಲಿಂದ ತನ್ನ ಹೊಟ್ಟೆಯ ಮಟ್ಟಕ್ಕೆ. ಅವನ ಮುಖ ಪೆಚ್ಚಾಯಿತು.

“ಅಯ್ಯೋ, ಇದಕ್ಯಾಕೆ ಇಷ್ಟೊಂದು ಯೋಚನೆ?” ಎಂದರು ದೊಡ್ಡಪ್ಪ. “ಕಾಲ್ಮಣೆಗೆ ಚಕ್ರ ಹಾಕ್ಸು. ಒಂದು ರಿಮೋಟ್ ಕೊಟ್ರಾಯ್ತು!”

ಯಾರೂ ನಗಲಿಲ್ಲ. ಮೇಸ್ತ್ರಿಗೆ ಮಾತ್ರ ಕೆಮ್ಮು ಬಂತು.

“ಮೇಸ್ತ್ರಿ, ಇದನ್ನ ತಗ್ಗಿಸೋಕೆ ಆಗುತ್ತಾ?” ಅಪ್ಪ ಮೆಲ್ಲಗೆ ಕೇಳಿದ.

“ಆಗುತ್ತೆ ಸಾರ್, ಕಲ್ಲು ಇನ್ನೂ ಕೂರಿಸಿಲ್ವಲ್ಲ. ಎಷ್ಟಕ್ಕೆ ಅಂತ ಹೇಳಿ.”

“ಇಲ್ಲಿಗೆ...” ಎಂದು ಅಪ್ಪ ಅಭ್ಯಾಸಬಲದಿಂದ ತನ್ನ ಕೈಯನ್ನೇ ಚಾಚಿದ. ಅರ್ಧಕ್ಕೆ ನಿಲ್ಲಿಸಿ ಕೈಯನ್ನು ಜೇಬಿಗೆ ಹಾಕಿಕೊಂಡ. “ನಿಂಗೆ ಎಷ್ಟು ಎತ್ತರ ಬೇಕು?” ಎಂದು ಅಮ್ಮನನ್ನು ಕೇಳಿದ.

“ನಂಗಾ?” ಎಂದಳು ಅಮ್ಮ.

ಆಸ್ಪತ್ರೆಯಲ್ಲಿ ಇಡೀ ವಾರ್ಡಿಗೆ ಒಂದೇ ಉಸಿರಿನಲ್ಲಿ ಕೆಲಸ ಹೇಳುವ ಅಮ್ಮನಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. “ಎಷ್ಟಿದ್ರೂ ನಡೆಯುತ್ತೆ ರೀ,” ಅನ್ನಲು ಹೊರಟವಳು ಕಾಲ್ಮಣೆಯಿಂದ ಇಳಿದಳು. “ತಡೀರಿ, ನೋಡಿ ಹೇಳ್ತೀನಿ.”

ಅವಳು ಗಾಳಿಯಲ್ಲೇ ತರಕಾರಿ ಹೆಚ್ಚಿದಳು. ಕೈ ಸ್ವಲ್ಪ ಕೆಳಗಿಳಿಸಿ ಹಿಟ್ಟು ನಾದಿದಳು. ಸೌಟು ಆಡಿಸಿದಳು, ಪಾತ್ರೆ ತೊಳೆದಳು. ಸಮಾಧಾನವಾಗದೆ ಮತ್ತೆ ಹೆಚ್ಚಿದಳು. ಕೆಲಸದವರು ಕಾದರು. ಸಿಮೆಂಟೂ ಕಾಯಿತು. ಸಲಹೆ ಕೊಡಲು ದೊಡ್ಡಪ್ಪ ಬಾಯಿ ತೆರೆದರು. ಅಪ್ಪ “ಶ್, ಅಣ್ಣಾ!” ಎಂದ. ವಟವಟಿ ತುಟಿ ಪಿಟಕ್ಕೆನ್ನಲಿಲ್ಲ. ಈ ಸಲ ಯಾರೂ ಅವಳನ್ನು ಹೆದರಿಸಿರಲಿಲ್ಲ.

“ಇಲ್ಲಿಗೆ,” ಎಂದಳು ಅಮ್ಮ ಕೊನೆಗೆ.

ಮೇಸ್ತ್ರಿ ಜೇಬಿನಿಂದ ಟೇಪು ತೆಗೆದರು. ಬಡಪಾಯಿ ಟೇಪಿಗೆ ಆ ಮನೆಯಲ್ಲಿ ಅದೇ ಮೊದಲ ಕೆಲಸ.

ಮೇಲಿನ ಇಟ್ಟಿಗೆಗಳು ಇಳಿಯತೊಡಗಿದವು. ಅಪ್ಪ ಹಾಲ್‌ಗೆ ಹೋಗಿ ಸ್ವಿಚ್ಚಿನ ಗೆರೆಯನ್ನು ಅಂಗೈಯಿಂದ ಉಜ್ಜುತ್ತಿದ್ದ. ಅದೇನು ಹೋಗುವ ಗೆರೆಯಲ್ಲ, ಪೆನ್ಸಿಲ್ ಚೆನ್ನಾಗಿತ್ತು. ಅಲ್ಲಿಂದಲೇ ಕೂಗಿದ: “ವಟವಟೀ! ಕಿಟಕಿ ಕಟ್ಟೆಗೆ ಅಳತೆ ಬೇಕಂತೆ, ಬಾ!”

ವಟವಟಿಗೆ ಕುಣಿಯುವಷ್ಟು ಖುಷಿಯಾಯಿತು. ಅಮ್ಮನ ಕೈ ಹಿಡಿದು ಎಳೆದುಕೊಂಡು ತನ್ನ ರೂಮಿಗೆ ಓಡಿದಳು. ಮೇಸ್ತ್ರಿ ಕಿಟಕಿಯ ಕೆಳಗೆ ಇಟ್ಟಿಗೆ ಜೋಡಿಸಿ, ಮೇಲೆ ಒಂದು ಹಲಗೆ ಹಾಸಿದ್ದರು. ಅವಳು ಜಿಗಿದು ಕೂರಲು ಹೋದಳು. ಅಷ್ಟರಲ್ಲಿ ಅಮ್ಮನ ಕಡೆ ನೋಡಿ ನಿಂತಳು. ಅಲ್ಲಿ ಅಮ್ಮ ಬಂದು ಕೂರಬಹುದು ಅನ್ನುವುದು ಇಷ್ಟು ದಿನ ಅವಳಿಗೆ ಹೊಳೆದೇ ಇರಲಿಲ್ಲ.

“ಅಮ್ಮಾ, ಮೊದ್ಲು ನೀನು ಕೂತು ನೋಡು,” ಎಂದಳು.

“ನಾನ್ಯಾಕೆ? ಇದು ನಿಂದಲ್ವಾ?”

“ಡ್ಯೂಟಿ ಮುಗಿಸಿ ಬಂದಾಗ ಕೂತ್ಕೋತೀಯಲ್ಲ. ಕೂತ್ಕೋ ಅಮ್ಮಾ!”

ಅಮ್ಮ ಕೂತಳು. ಕಾಲು ಎಟುಕಲಿಲ್ಲ. ವಟವಟಿ ಮೇಸ್ತ್ರಿಯ ಕಡೆ ನೋಡಿದಳು. ಮೇಸ್ತ್ರಿ ಗೊಣಗುತ್ತಾ ಒಂದು ಸಾಲು ಇಟ್ಟಿಗೆ ತೆಗೆದು, ಹಲಗೆಯನ್ನು ಮತ್ತೆ ಇಟ್ಟರು. ಅಮ್ಮ ಇನ್ನೊಮ್ಮೆ ಕೂತು, ಗೋಡೆಗೆ ಒರಗಿ, ಬೀದಿಯ ಕಡೆ ನೋಡಿದಳು.

ವಟವಟಿ ಬಗ್ಗಿ ನೋಡಿದಳು. ಅಮ್ಮನ ಎರಡೂ ಪಾದಗಳು ನೆಲದ ಮೇಲಿದ್ದವು.