ಒಂಬತ್ತನೇ ಮೆಟ್ಟಿಲ ಕಟ್ಟೆ

"ನಿಮ್ಮ ಲೈಬ್ರರಿ ಕಟ್ಟಡ ಇನ್ನು ಮೇಷ್ಟ್ರು ನೋಡ್ಕೊಳ್ತಾರೆ," ಎಂದರು ಬಾಸ್. "ಸೈಟಲ್ಲಿ ಕಂಟ್ರಾಕ್ಟರ್‌ಗಳ ಜೊತೆ ಗುದ್ದಾಡೋಕೆ ಅವರೇ ಸರಿ. ಡಿಸೈನ್ ಹೇಗೂ ಮುಗೀತಲ್ಲ?"

ಎರಡು ವರ್ಷ ನಾನು ಗೀಚಿ, ಅಳಿಸಿ, ಮತ್ತೆ ಗೀಚಿದ ಕಟ್ಟಡ. "ಸರಿ ಸಾರ್," ಎಂದೆ. ಪಕ್ಕದ ಮೇಜಿನ ಮೇಷ್ಟ್ರಿಗೆ "ಕಂಗ್ರಾಜುಲೇಶನ್ಸ್" ಅಂತಲೂ ಹೇಳಿದೆ. ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ ಎಲ್ಲ ಮರಗಟ್ಟಿತ್ತು.

ಎಲ್ಲರ ತಪ್ಪು ತಿದ್ದುವ ಚಟಕ್ಕೆ ಆಫೀಸಿನಲ್ಲಿ ಅವನಿಗೆ ಮೇಷ್ಟ್ರು ಅಂತ ಹೆಸರು. ನಾನು ಅವನನ್ನು ಕದ್ದು ನೋಡುವುದು, ಸಿಕ್ಕಿಬಿದ್ದರೆ ಸ್ಕೇಲ್ ಹುಡುಕುವ ನಾಟಕವಾಡುವುದು ಒಂದು ವರ್ಷದಿಂದ ನಡೆದಿತ್ತು. ಈಗ ಅದೂ ನಿಂತಿತು. ಎಂಟು ದಿನ ಬಂದೆ, ಕೊಟ್ಟ ಕೆಲಸ ಮಾಡಿದೆ, ಮನೆಗೆ ಹೋದೆ. ಅವನು ತಂದಿಡುತ್ತಿದ್ದ ಕಾಫಿಯ ರುಚಿಯೂ ತಿಳಿಯುತ್ತಿರಲಿಲ್ಲ.

"ಒಂದ್ಸಲ ಬೈದುಬಿಡಿ," ಎಂದ ಒಂದು ದಿನ.

"ಯಾಕೆ ಬೈಲಿ? ನೀವೇನು ಮಾಡಿದ್ರಿ?"

"ಅದೇ ಭಯ. ನೀವು ಇಷ್ಟು ಒಳ್ಳೆಯವರಲ್ಲ."

ನಗು ಬರಬೇಕಿತ್ತು. ಬರಲಿಲ್ಲ.

ಸೋಮವಾರ ನಕ್ಷೆಯನ್ನು ನನ್ನ ಮೇಜಿನ ಮೇಲೆ ಹರಡಿದ. "ಮೆಟ್ಟಿಲ ನಡುವೆ ಒಂದು ಕಟ್ಟೆ ತಪ್ಪಿ ಬಂದಿತ್ತು. ತೆಗೆದಿದ್ದೀನಿ. ಜಾಗ ಉಳೀತು."

"ತಪ್ಪಿ ಬಂದಿತ್ತಾ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನಮ್ಮಮ್ಮ ಒಂಬತ್ತು ಮೆಟ್ಟಿಲು ಹತ್ತೋ ಹೊತ್ತಿಗೆ ಮಂಡಿ ಹಿಡ್ಕೊಂಡು ನಿಲ್ತಾಳೆ. ಸುಸ್ತಾಯ್ತು ಅನ್ನೋಕೆ ನಾಚಿಕೆ, ಕಿಟಕಿಯಾಚೆ ಏನೋ ನೋಡೋ ಹಾಗೆ ಮಾಡ್ತಾಳೆ. ಅಂಥೋರು ಕೂತ್ಕೊಳ್ಳಲಿ ಅಂತ ಎಣಿಸಿ ಇಟ್ಟಿದ್ದು ಅದು! ಪಕ್ಕದಲ್ಲೇ ಕೂತಿದ್ದೀನಿ, ಕೇಳೋಕೇನಾಗಿತ್ತು? ಅದು ನಂದು ಕಣ್ರೀ! ನನ್ನ ಕಟ್ಟಡ!"

ಇಡೀ ಆಫೀಸು ತಿರುಗಿ ನೋಡಿತು. ನಾನು ಗಳಗಳನೆ ಅತ್ತುಬಿಟ್ಟೆ.

ಅವನ ಮುಖ ಸಣ್ಣದಾಯಿತು. ಪೆನ್ಸಿಲ್ ತೆಗೆದು ಕಟ್ಟೆಯನ್ನು ಇದ್ದ ಜಾಗದಲ್ಲೇ ಬರೆದ. "ತಪ್ಪು ನಂದೇ," ಎಂದ. ಮೇಷ್ಟ್ರ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. "ಈ ಕೆಲಸ ಬೇಡ ಅಂತ ಬಾಸ್‌ಗೆ ಹೇಳ್ತೀನಿ."

"ಹೇಳ್ಬೇಡಿ. ಇನ್ಯಾರಿಗೋ ಕೊಟ್ರೆ ಮೆಟ್ಟಿಲನ್ನೇ ತೆಗೀತಾರೆ. ನೀವೇ ಕಟ್ಟಿಸಿ. ಆದ್ರೆ ಉದ್ಘಾಟನೆಗೆ ನನ್ನ ಕರೀಬೇಡಿ. ನೋಡೋಕಾಗಲ್ಲ."

"ಮತ್ಯಾವುದಕ್ಕೆ ಕರೀಲಿ?" ಅವನ ಕಿವಿ ಕೆಂಪಾಗಿತ್ತು. "ನೀವು ಸರಿಯಾಗಿ ಮಾತಾಡದ ಈ ಎಂಟು ದಿನ ನನಗೂ ತಡೆಯೋಕಾಗ್ಲಿಲ್ಲ. ನಿಮ್ಮನ್ನ ಕಂಡ್ರೆ ನನಗಿಷ್ಟ. ಒಂದು ವರ್ಷದಿಂದ ಹೇಳ್ಬೇಕು ಅಂತಿದ್ದೆ."

"ನನಗೆ ನಿಮ್ಮ ಮೇಲೆ ತುಂಬಾ ಕೋಪ ಇದೆ."

"ಗೊತ್ತು. ಊಟಕ್ಕೆ ಬರ್ತೀರಾ?"

ಕಣ್ಣೊರೆಸಿಕೊಂಡೆ. ಎಷ್ಟೋ ದಿನಗಳ ನಂತರ ನಿಜವಾಗಿ ಹಸಿವಾಗಿತ್ತು.

"ಬರ್ತೀನಿ. ಕೋಪ ಹೋಗಿಲ್ಲ."

"ಅದನ್ನೂ ಕರ್ಕೊಂಡು ಬನ್ನಿ," ಎಂದ.