ಬೋರ್ಡಿನ ಕೊನೆಯ ಸಾಲು

ಛಿಣ್...

ಮಧ್ಯರಾತ್ರಿಯ ಬ್ಲಡ್ ಬ್ಯಾಂಕಿನಲ್ಲಿ ಗಾಜಿನ ಬಳೆಗಳ ಸಣ್ಣ ಸದ್ದು. ಪೂಜಿತಾ ತಿರುಗಿ ನೋಡಿದಳು. ಸೂಜಿ ಚುಚ್ಚಲೆಂದು ಕಳಚಿಟ್ಟಿದ್ದ ಬಳೆಗಳನ್ನು ಕಾಂಚನಾ ಮತ್ತೆ ತೊಡುತ್ತಿದ್ದಳು.

"ಎಂಥದು? ರಕ್ತ ಕೊಟ್ಟಾಯ್ತಾ?"

"ಇಲ್ಲ. ನಾ ಕೊಡಂಗಿಲ್ಲ."

ಮೇಲಿನ ಮಹಡಿಯಲ್ಲಿ ಪೂಜಿತಾಳ ಅಮ್ಮನ ಹೊಟ್ಟೆಯ ಹುಣ್ಣು ಒಡೆದು ರಕ್ತ ಹೋಗುತ್ತಿತ್ತು. ರಕ್ತ ಸಿಗದೆ ಆಪರೇಷನ್ ಇಲ್ಲ. ಪೂಜಿತಾಳ ಮೈಯಲ್ಲೇ ರಕ್ತ ಕಡಿಮೆ. ಅಮ್ಮನ ಅಪರೂಪದ ಗುಂಪಿಗೆ ಹೊಂದುವವಳು, ಡೊಂಬಿವಲಿಯ ಅವರ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದ ಈ ಗುಲ್ಬರ್ಗಾದ ಹುಡುಗಿ ಒಬ್ಬಳೇ.

ಅಮ್ಮನ ಕೈಯ ಗಂಜಿ ಉಂಡವಳು... ಈಗ ಹೀಗಾ?

ಕಾಂಚನಾ ಆಗಲೇ ತನಗೆ ತೋರಿಸಿದ್ದ ಗೋಡೆಯ ಮರಾಠಿ ಬೋರ್ಡಿನತ್ತ ಸೋದರಮಾವ ಕಿಟ್ಟಣ್ಣ ಕೈ ಮಾಡಿದರು. "ಅವಳ ತಪ್ಪಲ್ಲ ಮಾರಾಯ್ತಿ. ಕೊನೆಯ ಸಾಲು ಓದು. ಸಮಲಿಂಗಿಗಳು ರಕ್ತ ಕೊಡಬಾರದಂತೆ. ಇವಳು ಲಿಂಗಾಯತರವಳಲ್ವಾ? ಅವರಲ್ಲೇ ಅದೊಂದು ಪಂಗಡ ಇರ್ಬೇಕು. ಆಸ್ಪತ್ರೆಯಲ್ಲೂ ಜಾತಿ ನೋಡ್ತಾರೆ ಅಂದ್ರೆ..."

ಬೇರೆ ಯಾರಾದರೂ ಸಿಗುತ್ತಾರಾ ಎಂದು ಅವರು ಫೋನು ಹುಡುಕಿಕೊಂಡು ಹೋದರು.

ಪೂಜಿತಾಳಿಗೆ ಆ ಶಬ್ದದ ಅರ್ಥ ಗೊತ್ತಿತ್ತು.

"ಕಾಂಚನಾ, ಅದು... ನಿನಗೆ ಯಾಕೆ?"

"ಗೊತ್ತಿದ್ದೂ ಕೇಳ್ತಿ? ನಿನ್ನ ಬಿಟ್ಟು ಯಾರನ್ನೂ ಕಣ್ಣೆತ್ತಿ ನೋಡಿಲ್ಲ ನಾ. ಸುಳ್ಳು ಹೇಳಿ ರಕ್ತ ಕೊಟ್ಟು, ನಿಮ್ಮವ್ವಗ ಏನರ ಆದ್ರ? ಮುಂಜಾನೆ ಟ್ರಂಕ್ ತಗೊಂಡು ಹೋಗ್ತೀನಿ."

ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಕೆಲಸದಿಂದ ಕಾಂಚನಾ ಬರುವುದು ತಡವಾದರೆ, ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದ ಸಂಜೆಗಳು ಪೂಜಿತಾಳಿಗೆ ನೆನಪಾದವು. ಅದಕ್ಕೆ ಕಾಳಜಿ ಎಂದು ಹೆಸರಿಟ್ಟುಕೊಂಡಿದ್ದಳು.

ಕಾಂಚನಾಳ ಕೈ ಹಿಡಿದು ಡಾಕ್ಟರಮ್ಮನ ಮೇಜಿನೆದುರು ನಿಂತಳು.

"ಡಾಕ್ಟರ್, ಆ ಕೊನೆಯ ಸಾಲು... ನಮಗೂ ಇದೆಯಾ?" ಎಂದು ಮರಾಠಿಯಲ್ಲಿ ಕೇಳಿದಳು.

ಅವಳಿಗೂ ಎನ್ನಬೇಕೆಂದಿದ್ದಳು. ಬಾಯಿಗೆ ಬಂದದ್ದು ನಮಗೂ!

ಡಾಕ್ಟರು ತಲೆಯೆತ್ತಿದರು. ಇವಳನ್ನು ನೋಡಿದರು, ಅವಳನ್ನು ನೋಡಿದರು. ಈಗ ಕೂಗಾಡುತ್ತಾರೆ... ಎಲ್ಲರಿಗೂ ತಿಳಿಯುತ್ತದೆ...

"ಅದು ಗಂಡಸರಿಗೆ," ಎಂದರು ಡಾಕ್ಟರು ತಣ್ಣಗೆ. "ಬಳೆ ತೆಗೆದು ಮಲಗು. ಹೊತ್ತಾಗ್ತಿದೆ."

ಚೀಲ ತುಂಬುತ್ತಿತ್ತು. ಪೂಜಿತಾಳ ಮುಷ್ಟಿಯಲ್ಲಿ ಬಳೆಗಳಿದ್ದವು.

"ನಮಗೂ ಅಂದಿ," ಪಿಸುಗುಟ್ಟಿದಳು ಕಾಂಚನಾ.

"ಅಂದೆ."

"ಟ್ರಂಕು?"

"ಮಂಚದಡಿಯಲ್ಲೇ ಇರಲಿ."

ಏದುಸಿರು ಬಿಡುತ್ತಾ ಕಿಟ್ಟಣ್ಣ ಬಂದರು. "ಅರೆ, ತಗೊಂಡ್ರಾ? ಮತ್ತೆ ಆ ಪಂಗಡದ್ದು?"

"ಇವಳದ್ದು ಬೇರೆ ಪಂಗಡವಂತೆ ಮಾಮ."

"ಹಾಗೆ ಹೇಳು!"

ಕಾಂಚನಾ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ನಗುವಿನಿಂದ ಕುಲುಕುತ್ತಿತ್ತು.

ಬೆಳಗಿನ ಜಾವ ಅಮ್ಮ ಪಾರಾದ ಸುದ್ದಿ ಬಂತು. ಪೂಜಿತಾ ಆ ಬಳೆಗಳನ್ನು ಒಂದೊಂದಾಗಿ ಕಾಂಚನಾಳ ಕೈಗೆ ತೊಡಿಸಿದಳು. ಮಾವ ಊರಿಗೆಲ್ಲ ಪಂಗಡದ ಕಥೆ ಹೇಳಿಕೊಳ್ಳಲಿ. ಆ ಮೇಜಿನೆದುರು ತಾನು ಕೇಳಿದ್ದನ್ನು ಯಾರಿಗೂ, ಕಣ್ಣು ತೆರೆದ ಅಮ್ಮನಿಗೂ ಹೇಳಬಾರದೆಂದು ಅವಳು ನಿರ್ಧರಿಸಿದ್ದಳು.